ಮರಳುಗಾಡಿನ ಗಾಡಿ ಮತ್ತು ಎಡಗಾಲು

ಅನುಮಾನಪಡುವುದು ನನ್ನ ಕಸುಬು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ ಅಂತ ಜನರ ಹತ್ತಿರ ಹೇಳಿಕೊಳ್ಳುತ್ತೇನೆ, ಆದರೆ ನಿಜವಾಗಿ ನಾನು ಪಳಗಿರುವುದು ಪರೀಕ್ಷಾ ಕೊಠಡಿಯಲ್ಲಿ. ಹಿಂದಿನ ಬೆಂಚಿನವನು ಕೆಮ್ಮಿದರೆ ಅದು ನೆಗಡಿಯ ಕೆಮ್ಮೋ, ಒಂದು ಅಂಕದ ಉತ್ತರ ಕೇಳುವ ಕೆಮ್ಮೋ ಅಂತ ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ಈ ಗುಣವನ್ನು ಶಾಲೆಯಲ್ಲೇ ಬಿಟ್ಟು ಬರಬೇಕಿತ್ತು, ಆಗಲಿಲ್ಲ. ಹಾಲಿನವನು ಕಾರಣವಿಲ್ಲದೆ ನಕ್ಕರೆ ಇವತ್ತು ನೀರು ಜಾಸ್ತಿ ಹಾಕಿದ್ದಾನೆ ಅನ್ನಿಸುತ್ತದೆ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ನನ್ನ ಬೆನ್ನ ಹಿಂದೆ 'ಸಿಐಡಿ ಟೀಚರ್' ಅನ್ನುತ್ತಾರೆ. ಅನ್ನಲಿ ಬಿಡಿ.

ನಮ್ಮನೆಯವರು ಶುಂಠಿ, ಆಲೂಗಡ್ಡೆ ವ್ಯಾಪಾರಿ. ಮಂಡಿಯಲ್ಲಿ ದಿಂಬಿಗೆ ಒರಗಿ ಫೋನಿನಲ್ಲೇ ವ್ಯವಹಾರ ಮುಗಿಸುವವರಲ್ಲ. ಬೆಳೆ ಇನ್ನೂ ನೆಲದೊಳಗಿರುವಾಗಲೇ ಹೊಲಕ್ಕೆ ಇಳಿದು, ಒಂದು ಗಿಡ ಕಿತ್ತು, ಗೆಡ್ಡೆ ಮುರಿದು ಮೂಸಿ, ಆಮೇಲೆ ಮಾತು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ, ಚನ್ನರಾಯಪಟ್ಟಣದ ಕಡೆಯ ಬಾಗೂರು, ಎಲ್ಲ ಕಡೆಯೂ ಅವರ ಕಾಲು ಹೋಗದ ಹೊಲವಿಲ್ಲ. "ನಾನು ಓಗಿ ನೋಡ್ದೆ ಇದ್ರೆ ಅದು ವ್ಯಾಪಾರ ಅಲ್ಲ ಕಣೆ, ಇಸ್ಪೀಟು" ಅನ್ನುತ್ತಿದ್ದರು. ಗಾಡಿ ಅವರ ಪಾಲಿಗೆ ಶೋಕಿಯಲ್ಲ, ಅನ್ನ. ಡ್ರೈವರ್ ಇಟ್ಟುಕೊಳ್ಳಿ ಅಂದರೆ ಉರಿದುಬೀಳುತ್ತಿದ್ದರು. ಯಾವ ಹೊಲಕ್ಕೆ ಹೋದೆ, ಎಷ್ಟಕ್ಕೆ ಮಾತಾಡಿದೆ ಅಂತ ಸಂಜೆ ಟೀ ಅಂಗಡಿಯಲ್ಲಿ ಡ್ರೈವರ್ ಹೇಳಿಬಿಡುತ್ತಾನೆ ಅನ್ನುವುದು ಅವರ ಅನುಮಾನ. ಈ ಒಂದು ವಿಷಯದಲ್ಲಿ ನಮ್ಮದು ಒಳ್ಳೆಯ ಜೋಡಿ.

ಇಂಥವರು ಒಂದು ದಿನ ಊಟಕ್ಕೆ ಕೂತಾಗ, "ಮಂಡಿ ನೋವು, ಕ್ಲಚ್ ತುಳಿಯಕ್ಕಾಗಲ್ಲ, ಆಟೋಮ್ಯಾಟಿಕ್ ಗಾಡಿ ತಗೋತೀನಿ" ಅಂದರು. ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಹದಿಹರೆಯದಲ್ಲೇ ಟ್ರ್ಯಾಕ್ಟರ್ ಹತ್ತಿದ ಮನುಷ್ಯ, ಕೆಸರಿನ ಹೊಲದಲ್ಲಿ ಅರ್ಧ ಕ್ಲಚ್ಚಿನ ಮೇಲೆ ಎಡಗಾಲು ಇಟ್ಟುಕೊಂಡೇ ಅರ್ಧ ಆಯಸ್ಸು ಕಳೆದವರು. ಮಂಡಿ ನೋವಾದರೆ ಎಣ್ಣೆ ತಿಕ್ಕು ಅನ್ನಬೇಕಲ್ಲ? ಒಂದು ದಿನವೂ ಅನ್ನಲಿಲ್ಲ. ಮೆಟ್ಟಿಲು ಹತ್ತುವಾಗ 'ಶಿವ ಶಿವಾ' ಅನ್ನಬೇಕಲ್ಲ? ಅದೂ ಇಲ್ಲ. ಏನೋ ಇದೆ ಅಂದುಕೊಂಡೆ. ಆದರೆ ಏನು ಅಂತ ಹೊಳೆಯಲಿಲ್ಲ.

ಹಾಸನದ ಬ್ರೋಕರ್ ಒಬ್ಬ ತೋರಿಸಿದ ಗಾಡಿ ಅದು. ರಾಜಸ್ಥಾನದ ಮರಳುದಿಬ್ಬಗಳ ಮೇಲೆ ಪ್ರವಾಸಿಗರನ್ನು ಕೂರಿಸಿಕೊಂಡು ಹತ್ತಿಳಿಯುತ್ತಿದ್ದ ಹಳೆಯ ಜೀಪು. ನಾಲ್ಕೂ ಚಕ್ರ ಎಳೆಯುತ್ತವೆ, ಎಂಥ ಕೆಸರಿನಿಂದಲೂ ಎದ್ದು ಬರುತ್ತದೆ. ಕ್ಲಚ್ ಇಲ್ಲ. ಎಡಗಾಲಿಗೆ ಕೆಲಸವೇ ಇಲ್ಲ. ಬಲಗಾಲೊಂದೇ ಸಾಕು, ಒಂದು ಸಲ ಆಕ್ಸಿಲರೇಟರ್, ಒಂದು ಸಲ ಬ್ರೇಕು. "ಮರಳುಗಾಡಲ್ಲಿ ಓಡಿದ್ದು ಸಾ, ನಮ್ಮೂರು ಇದಕ್ಕೆ ಹೂವಿನ ಹಾಸಿಗೆ ಇದ್ದಂಗೆ" ಅಂದ ಬ್ರೋಕರ್. ಮಾತು ಮುಗಿದ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಜಾಸ್ತಿ ನಕ್ಕ. ನಮ್ಮ ಹಾಲಿನವನೇ ನೆನಪಾದ.

ಬಾನೆಟ್ಟಿಗೆ ಮೂರೆಳೆ ವಿಭೂತಿ ಬಳಿದು, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ನಮ್ಮನೆಯವರು ಚಪ್ಪಲಿಯನ್ನು ಹೊರಗೇ ಕಳಚಿ ಬರಿಗಾಲಲ್ಲಿ ಹತ್ತಿದರು. ಅದು ಅವರ ಅಪ್ಪನ ಕಾಲದ ಪದ್ಧತಿ. ಗಾಡಿ ಅಂದರೆ ಲಕ್ಷ್ಮಿ, ಚಪ್ಪಲಿ ಕಾಲಲ್ಲಿ ಪೆಡಲ್ ತುಳಿಯಬಾರದು. ಟ್ರ್ಯಾಕ್ಟರಿನಲ್ಲೂ ಹಾಗೇ, ಜೀಪಿನಲ್ಲೂ ಹಾಗೇ, ಮಳೆಗಾಲವಾಗಲಿ ಬೇಸಿಗೆಯಾಗಲಿ. ಚಪ್ಪಲಿ ಪಕ್ಕದ ಸೀಟಿನಡಿ, ಕಾಲು ಬರಿಗಾಲು.

ಮರಳು ಮಾತ್ರ ನಮ್ಮ ಪ್ರಾಣ ತಿಂದಿತು. ಸೀಟು ತಟ್ಟಿದರೆ ಮರಳು, ಕಿಟಕಿ ಇಳಿಸಿದರೆ ಮರಳು. ಕೆಳಗೆ ಹಾಸಿದ್ದ ಕಾರ್ಪೆಟ್ಟನ್ನು ಎಷ್ಟು ಝಾಡಿಸಿದರೂ ಮುಗಿಯದೆ ಕೊನೆಗೆ ನಮ್ಮನೆಯವರು ಅದನ್ನು ಕಿತ್ತು ತಿಪ್ಪೆಗೆ ಎಸೆದರು. ಒಳಗೆ ಬರೀ ತಗಡು ಉಳಿಯಿತು. "ತೊಳೆಯಕ್ಕೆ ಸುಲಭ" ಅಂದರು. ನಾನೂ ಹೌದು ಅಂದುಕೊಂಡೆ.

ಮೊದಲು ಕೈಕೊಟ್ಟಿದ್ದು ಮಲ್ಲಿಪಟ್ಟಣದ ಕಡೆ. ಅವತ್ತು ರಜೆ, ನಾನೂ ಜೊತೆಗಿದ್ದೆ. ಸಣ್ಣ ಏರು. ಇಂಜಿನ್ ಒಂದೇ ಸಮನೆ ಬೊಬ್ಬೆ ಹೊಡೆಯುತ್ತಿದೆ, ಗಾಡಿ ಮಾತ್ರ ಬಸುರಿ ಎಮ್ಮೆಯ ಹಾಗೆ ತೆವಳುತ್ತಿದೆ. ಸ್ಟೀರಿಂಗ್ ಮುಂದಿನ ಮೀಟರಿನ ಪಕ್ಕ ಒಂದು ಕೆಂಪು ಗುರುತು ಹತ್ತಿಕೊಂಡಿತು. ಒಗ್ಗರಣೆ ಸೀದುಹೋದಂಥ ವಾಸನೆ ಮೂಗಿಗೆ ಅಡರಿತು. ಮರದಡಿ ನಿಲ್ಲಿಸಿ ಆರಲು ಬಿಟ್ಟೆವು. ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟಿತು. ವಾರದೊಳಗೆ ಬಾಗೂರಿನ ಹಾದಿಯಲ್ಲಿ ಮತ್ತೆ ಅದೇ ಕಥೆ.

ಹಾಸನದ ವರ್ಕ್‌ಶಾಪಿಗೆ ಒಯ್ದೆವು. ಮೇಸ್ತ್ರಿ ಗೇರುಪೆಟ್ಟಿಗೆಯಿಂದ ಉದ್ದನೆಯ ಕಡ್ಡಿ ಎಳೆದು ತೋರಿಸಿದ. ದಾಳಿಂಬೆ ರಸದ ಬಣ್ಣಕ್ಕಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ ಆಗಿತ್ತು. "ನೋಡಕ್ಕ, ಈ ಗಾಡೀಲಿ ಕ್ಲಚ್ ಮಾಡೋ ಕೆಲ್ಸಾನೆಲ್ಲ ಈ ಎಣ್ಣೇನೇ ಮಾಡೋದು. ಕಾದು ಸೀದೋಗದೆ. ಎಣ್ಣೆ ಸೀದ್ರೆ ಗೇರು ಜಾರ್ತದೆ."

"ಯಾಕೆ ಕಾಯ್ತು?"

"ಮರಳು ಕಣಕ್ಕ. ಎಣ್ಣೆ ತಣ್ಣಗೆ ಮಾಡೋ ಜಾಲರಿ ತುಂಬ ರಾಜಸ್ಥಾನ ಕುಂತದೆ."

ಜಾಲರಿ ತೊಳೆದ, ಎಣ್ಣೆ ಬದಲಾಯಿಸಿದ, ಬ್ರೇಕಿಗೂ ಹೊಸ ಪ್ಯಾಡು ಹಾಕಿದ. ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಡಿಕಾಕ್ಷನ್. ಈ ಸಲ ಇನ್ನೊಂದು ರಾಗ ತೆಗೆದ. ಬ್ರೇಕಿನ ಪ್ಯಾಡುಗಳೂ ಸವೆದುಹೋಗಿವೆಯಂತೆ. "ಮೊನ್ನೆ ತಾನೇ ಹೊಸದು ಹಾಕಿದ್ಯಲ್ಲಪ್ಪ!" ಅಂದೆ. ಅವನು ತಲೆ ಕೆರೆದುಕೊಂಡ. ತಲೆ ಕೆರೆದುಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ. ಹೊಸದು ಹಾಕಿದೆ ಅಂತ ಹೇಳಿ ಹಳೆಯದನ್ನೇ ಬಿಟ್ಟಿದ್ದಾನೆ, ಮರಳಿನ ಮೇಲೆ ಗೂಬೆ ಕೂರಿಸುತ್ತಿದ್ದಾನೆ ಅಂತ ತೀರ್ಮಾನ ಮಾಡಿದೆ. ಮುಂದಿನ ಸಲ ಸ್ಟೂಲು ಹಾಕಿಸಿಕೊಂಡು ಕಣ್ಣೆದುರೇ ಕೆಲಸ ಮಾಡಿಸಿದೆ. ಕೆಲಸ ಮುಗಿದ ಮೇಲೆ ಅವನೇ ನನ್ನನ್ನು ಕೂರಿಸಿಕೊಂಡು ಚನ್ನರಾಯಪಟ್ಟಣದ ದಿಕ್ಕಿಗೆ ಬಹಳ ದೂರ ಓಡಿಸಿದ. ಕೆಂಪು ಗುರುತಿಲ್ಲ, ವಾಸನೆಯಿಲ್ಲ, ಗಾಡಿ ನೀರು ಕುಡಿದಷ್ಟು ಸಲೀಸಾಗಿ ಓಡಿತು.

"ನಾನ್ ಓಡ್ಸುದ್ರೆ ಏನೂ ಆಗಕ್ಕಿಲ್ಲ ಕಣಕ್ಕ" ಅಂದ.

ಆಗ ನನ್ನ ಅನುಮಾನ ಮೇಸ್ತ್ರಿಯನ್ನು ಬಿಟ್ಟು ಮನೆಯೊಳಗೆ ಬಂತು. ಹಾಗಾದರೆ ನಮ್ಮನೆಯವರು ಈ ಗಾಡಿಯನ್ನು ಎಲ್ಲಿಗೆ ಒಯ್ಯುತ್ತಾರೆ? ಏನು ಮಾಡುತ್ತಾರೆ?

ಆ ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಿತ್ತು. ನೀರು ಇಳಿದರೆ ಶೆಟ್ಟಿಹಳ್ಳಿಯ ಪಾಳುಚರ್ಚಿನ ಸುತ್ತ ನೆಲ ಬಯಲಾಗುತ್ತದೆ, ಜೀಪಿನ ಹುಚ್ಚಿನ ಹುಡುಗರು ಬಂದು ಧೂಳೆಬ್ಬಿಸುತ್ತಾರೆ. ನಮ್ಮ ಗಾಡಿಯನ್ನು ಅಲ್ಲಿ ನೋಡಿದೆ ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದರು. ಮನೆಗೆ ಬಂದು ಕೇಳಿದೆ. "ಗೊರೂರು ಕಡೆ ಓಗಿದ್ದೆ, ಅಂಗೇ ಒಂದ್ ಕಿತ ನೋಡ್ಕಂಡು ಬಂದೆ, ಏನೀಗ?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಆ ಸಿಟ್ಟು.

ಅನುಮಾನ ಒಂದು ಸಲ ಹೊಸಿಲು ದಾಟಿದರೆ ಎಲ್ಲವೂ ಸಾಕ್ಷಿಯೇ. ಮನೆಯೊಳಗೂ ಕಾಲುಚೀಲ ಹಾಕಿಕೊಂಡು ಓಡಾಡಲು ಶುರುಮಾಡಿದ್ದರು. ಚಳಿ ಅಂದರು, ಏಪ್ರಿಲಿನಲ್ಲಿ ಎಂಥ ಚಳಿ? ಸ್ನಾನದ ನೀರು ಹದವಾಗಿದೆಯಾ ನೋಡು ಅಂತ ನನ್ನನ್ನೇ ಕೂಗುತ್ತಿದ್ದರು, ತಾವು ಕಾಲಿಟ್ಟು ನೋಡುತ್ತಿರಲಿಲ್ಲ. ಒಂದು ಸಂಜೆ ಬಾಗೂರಿನಿಂದ ಒಂದೇ ಚಪ್ಪಲಿಯಲ್ಲಿ ಮನೆಯೊಳಕ್ಕೆ ಬಂದರು. ಎಡಗಾಲಿನದು ಇಲ್ಲ. "ಇನ್ನೊಂದೆಲ್ಲಿ?" ಅಂದೆ. ಬಗ್ಗಿ ನೋಡಿಕೊಂಡು ಬೆಚ್ಚಿದರು. ಆಮೇಲೆ, "ಕೆಸರಲ್ಲಿ ಸಿಕ್ಕಾಕ್ಕಂತು, ಬಿಟ್ಬಂದೆ" ಅಂದರು. ಬಿಟ್ಟು ಬಂದವರು ಬಗ್ಗಿ ನೋಡಿಕೊಳ್ಳುತ್ತಾರೆಯೇ? ಯಾರ ಮನೆ ಬಾಗಿಲಲ್ಲಿ ಬಿಟ್ಟು ಓಡಿ ಬಂದರೋ ಅಂತ ನನ್ನ ಹಾಳು ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಈ ವಯಸ್ಸಿನಲ್ಲಿ, ಈ ಮೂತಿಗೆ, ಅಂತ ನಾನೇ ನಕ್ಕೆ ಕೂಡ. ನಕ್ಕರೂ ಅನ್ನ ಸೇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತಿಂಡಿ ತಿಂದು, "ಅರಕಲಗೂಡಿಗೆ ಓಗ್ಬುಟ್ಟು ಬತ್ತೀನಿ" ಅಂತ ಹೊರಟರು. ಗಾಡಿ ಬೀದಿಯ ಮೂಲೆ ತಿರುಗಿದ ಮೇಲೆ ನಾನು ಸ್ಕೂಟರ್ ತೆಗೆದೆ. ಸೀರೆಯ ಸೆರಗು ಸಿಕ್ಕಿಸಿ, ಹೆಲ್ಮೆಟ್ಟಿನ ಗಾಜು ಇಳಿಸಿದೆ. ನಮ್ಮ ಬೀದಿಯವರು ನೋಡಿದ್ದರೆ ಸಿಐಡಿ ಅನ್ನುವ ಹೆಸರು ಸುಮ್ಮನೆ ಬಂದಿಲ್ಲ ಅನ್ನುತ್ತಿದ್ದರು.

ನಾನು ಕಾದಿದ್ದ ಹಾಗೆ ಗಾಡಿ ಬೇರೆ ಕಡೆ ತಿರುಗಲಿಲ್ಲ. ಹೇಳಿದ ಹಾಗೆ ಅರಕಲಗೂಡಿನ ರಸ್ತೆಯನ್ನೇ ಹಿಡಿಯಿತು. ಸ್ವಲ್ಪ ನಿರಾಸೆಯಾಯಿತು ಅಂದರೆ ನೀವು ನಗುತ್ತೀರಿ. ಬೇಸಿಗೆಯ ಬಿಸಿಲು ಆಗಲೇ ಏರಿತ್ತು. ಎರಡು ಲಾರಿಯಷ್ಟು ಅಂತರ ಬಿಟ್ಟು ಹೋಗುತ್ತಿದ್ದೆ. ಊರು ದಾಟಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಗಾಡಿಯ ಹಿಂದಿನ ಕೆಂಪು ದೀಪಗಳು ಉರಿಯುತ್ತಿದ್ದವು. ಎದುರಿಗೆ ದನ ಬಂದಿರಬೇಕು, ಬ್ರೇಕು ಹಾಕಿದ್ದಾರೆ ಅಂದುಕೊಂಡೆ. ದನವಿಲ್ಲ. ನೇರ ರಸ್ತೆಯಲ್ಲೂ ಉರಿಯುತ್ತಿವೆ. ಏರಿನಲ್ಲೂ ಉರಿಯುತ್ತಿವೆ. ಏರಿನಲ್ಲಿ ಯಾವ ಪುಣ್ಯಾತ್ಮ ಬ್ರೇಕು ತುಳಿಯುತ್ತಾನೆ? ಇಂಜಿನ್ ಮಾತ್ರ ಅರಚುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅದೇ. ಬಲಗಾಲು ಮುಂದಕ್ಕೆ ಓಡಿಸುತ್ತಿದೆ, ಎಡಗಾಲು ಬ್ರೇಕಿನ ಮೇಲೆ ಕೂತು ಹಿಡಿದುಕೊಂಡಿದೆ. ನಡುವೆ ಸಿಕ್ಕಿ ಬೇಯುತ್ತಿರುವುದು ಗೇರುಪೆಟ್ಟಿಗೆ. ಸೀಯದೆ ಇನ್ನೇನಾಗುತ್ತೆ?

ಸಿಕ್ಕಿಬಿದ್ದಿರಿ ಅಂತ ನನಗೆ ಹಿಗ್ಗೋ ಹಿಗ್ಗು. ಚೀಟಿ ಬಚ್ಚಿಟ್ಟ ಹುಡುಗನನ್ನು ಹಿಡಿದಾಗ ಆಗುತ್ತಲ್ಲ, ಅಂಥದ್ದೇ. ಟ್ರ್ಯಾಕ್ಟರಿನ ಚಾಳಿ! ಎಡಗಾಲಿಗೆ ಕೆಲಸವಿಲ್ಲ ಅಂದರೂ ಇಷ್ಟು ವರ್ಷದ ಅಭ್ಯಾಸ ಬಿಡದೆ ಪೆಡಲ್ ಹುಡುಕಿಕೊಂಡು ಹೋಗಿ ಕೂತಿದೆ. ಪಾಪ ಆ ಮೇಸ್ತ್ರಿಯನ್ನು, ಬ್ರೋಕರನ್ನು, ಇಡೀ ರಾಜಸ್ಥಾನವನ್ನು ಬೈದದ್ದಾಯಿತು. ಮುಂದಿನ ಏರಿನಲ್ಲಿ ಗಾಡಿ ತೆವಳಲಾರದೆ ಪಕ್ಕಕ್ಕೆ ನಿಂತಿತು. ಆಗಲೂ ದೀಪ ಉರಿಯುತ್ತಲೇ ಇತ್ತು. ನಾನು ಸ್ಕೂಟರ್ ತಂದು ಬಾಗಿಲ ಪಕ್ಕ ನಿಲ್ಲಿಸಿ ಹೆಲ್ಮೆಟ್ ತೆಗೆದೆ.

"ಅಯ್ಯೋ, ನೀನೇನೇ ಇಲ್ಲಿ?"

"ಅದಿರ್ಲಿ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಗಾಡಿ ಓಡಿಸ್ತಿದೀರಲ್ಲ, ಬುದ್ಧಿ ಇದೆಯೇನ್ರೀ?"

"ಯಾವ್ ಕಾಲು? ಎಡಗಾಲು ಕೆಳಗೈತೆ ಕಣೆ."

"ಸುಳ್ಳು ಹೇಳ್ಬೇಡಿ. ಊರಿಂದ ದೀಪ ನೋಡ್ಕೊಂಡೇ ಬಂದಿದೀನಿ."

"ನಿನ್ನಾಣೆ. ಎಡಗಾಲ್ನ ನಾನು ಅಲ್ಲಾಡ್ಸೇ ಇಲ್ಲ."

ಬಾಗಿಲು ತೆಗೆದೆ. ಅವರ ಎಡಗಾಲು ಬ್ರೇಕಿನ ಮೇಲೇ ಇತ್ತು. ಬೆರಳುಗಳು ಪೆಡಲ್ಲಿನ ಮೇಲೆ, ಹಿಮ್ಮಡಿ ಮತ್ತು ಪಾದದ ಅಂಚು ಗೇರುಪೆಟ್ಟಿಗೆಯ ಮೇಲೆ ಉಬ್ಬಿದ ತಗಡಿಗೆ ಒತ್ತಿಕೊಂಡಿದ್ದವು. "ಇದೇನು ಹಾಗಾದ್ರೆ?" ಅಂತ ಬೆರಳು ತೋರಿಸಿದೆ. ಅವರೂ ಬಗ್ಗಿ ನೋಡಿದರು. ಬೇರೆ ಯಾರದೋ ಕಾಲು ತಮ್ಮ ಗಾಡಿಯೊಳಗೆ ಬಂದಿರುವ ಹಾಗೆ ನೋಡಿದರು. ಒಂದೇ ಚಪ್ಪಲಿಯಲ್ಲಿ ಬಂದ ಸಂಜೆಯೂ ಹೀಗೇ ನೋಡಿದ್ದರು. ಸುಳ್ಳು ಹೇಳುವವರ ಮುಖ ನನಗೆ ಗೊತ್ತು. ಇದು ಆ ಮುಖವಲ್ಲ.

ಕಾಲನ್ನು ಸರಿಸೋಣ ಅಂತ ಕೈ ಹಾಕಿದೆ. ನನ್ನ ಬೆರಳ ಹಿಂಭಾಗ ತಗಡಿಗೆ ತಾಗಿತು. ಚುರ್ ಅಂತು. ಕಾದ ಕಾವಲಿ ಮುಟ್ಟಿದಂತಾಗಿ "ಅಮ್ಮಾ" ಅಂತ ಕೈ ಎಳೆದುಕೊಂಡು ಬಾಯಲ್ಲಿ ಇಟ್ಟುಕೊಂಡೆ. ಬಾಯಲ್ಲಿ ಕೈ ಇಟ್ಟುಕೊಂಡೇ ನೋಡುತ್ತೇನೆ, ನನ್ನ ಕೈ ಒಂದು ಗಳಿಗೆ ತಾಳದ ಜಾಗದಲ್ಲಿ ಅವರ ಬರಿಗಾಲು ಇನ್ನೂ ಹಾಗೇ ಇದೆ.

"ಏನಾಯ್ತೇ?" ಅಂತ ಅವರು ನನ್ನನ್ನು ಕೇಳಿದರು.

ಎರಡೂ ಕೈಯಲ್ಲಿ ಪಂಚೆ ಹಿಡಿದು ಕಾಲನ್ನು ಎತ್ತಿ ಹೊರಗೆ ತಂದೆ. ಹಿಮ್ಮಡಿಯ ಪಕ್ಕ ಬೊಕ್ಕೆ ಎದ್ದಿತ್ತು. ಅದರ ಮುಂದೆ, ಕಿರುಬೆರಳಿನ ಬುಡದಲ್ಲಿ, ಹಳೆಯದೊಂದು ಒಡೆದು, ಚರ್ಮ ಸುಲಿದು, ಮಣ್ಣು ಮೆತ್ತಿಕೊಂಡು ಕೀವಾಗಿತ್ತು. ನನಗೆ ಅಲ್ಲೇ ರಸ್ತೆಯಲ್ಲೇ ಅಳು ಬಂತು. ಬೈಗುಳವೂ ಜೊತೆಗೇ ಬಂತು. ಏನೇನು ಬೈದೆನೋ ಶಿವನೇ ಬಲ್ಲ.

"ನೋವಿಲ್ವೇನ್ರೀ?"

"ನೋವಿದ್ದಿದ್ರೆ ಗೊತ್ತಾಗ್ತಿತ್ತಲ್ಲ ಕಣೆ" ಅಂದರು. ಆಮೇಲೆ ಮೆಲ್ಲಗೆ, "ಕಾಲ್ಚೀಲಕ್ಕೆ ಏನೋ ಅಂಟು ಅಂಟಾಗಿ ಅತ್ಕತಿತ್ತು. ಹೊಲದ ಮಣ್ಣು ಅನ್ಕಂಡಿದ್ದೆ" ಅಂದರು.

ಸಕ್ಕರೆ ಕಾಯಿಲೆ ಅವರಿಗೆ ಹಳೆಯದು. ಮಾತ್ರೆ ನುಂಗಿದರೆ ಮುಗಿಯಿತು ಅನ್ನುವ ಜಾತಿ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಪಾದ ಮುಟ್ಟಿ ಮುಟ್ಟಿ ಕೇಳಿದಾಗ ಎಡಗಾಲಿನಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಬಲಗಾಲಿನಲ್ಲಿ ಕೆಲವಕ್ಕೆ ಬಂತು, ಕೆಲವಕ್ಕೆ ಇಲ್ಲ. ಆಗ ಬಾಯಿಬಿಟ್ಟರು. ಕ್ಲಚ್ ಎಷ್ಟು ತುಳಿದಿದ್ದೇನೆ ಅನ್ನುವುದು ವರ್ಷದ ಹಿಂದಿನಿಂದಲೇ ಗೊತ್ತಾಗುತ್ತಿರಲಿಲ್ಲವಂತೆ. ಮಂಡಿ ನೋವು ಅಂದದ್ದು ಸುಳ್ಳು. ಎಡಗಾಲಿನ ಕೆಲಸ ಕೇಳದ ಗಾಡಿ ಸಿಕ್ಕರೆ ಯಾರಿಗೂ ಗೊತ್ತಾಗದೆ ಓಡಿಸಿಕೊಂಡು ಹೋಗಬಹುದು ಅಂತ ಆ ಮರಳುಗಾಡಿನ ಗಾಡಿಯನ್ನು ತಂದಿದ್ದರು. "ಹೇಳಿದ್ರೆ ಕೀಲಿಕೈ ಕಿತ್ಕತಿದ್ದೆ" ಅಂದರು ನನಗೆ. ಹೌದು, ಕಿತ್ತುಕೊಳ್ಳುತ್ತಿದ್ದೆ. ಅದರಲ್ಲಿ ಸಂದೇಹವೇ ಬೇಡ.

ಕಾಲು ಉಳಿಯಿತು. ಕಿರುಬೆರಳು ಉಳಿಯಲಿಲ್ಲ. ಇನ್ನು ಸ್ವಲ್ಪ ದಿನ ತಡವಾಗಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರು ಹೇಳಲು ಹೋದರು, ಬೇಡ ಸಾರ್ ಅಂತ ನಾನೇ ತಡೆದೆ. ಎರಡು ಕಾಲಿಗೂ ಮುಟ್ಟಿದ್ದು ತಿಳಿಯುವವರೆಗೆ ಗಾಡಿ ಮುಟ್ಟುವ ಹಾಗಿಲ್ಲ, ದಿನಾ ಪಾದ ಪರೀಕ್ಷೆ ಮಾಡಬೇಕು ಅಂದರು. ಪರೀಕ್ಷೆ ಅಂದ ಮೇಲೆ ನನ್ನದೇ ಕೆಲಸ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ಅಂಗಾಲಿನ ಹುಣ್ಣಿಗೆ ಬೇಕು. ಅವರೇ ನೋಡಿಕೊಳ್ಳಲಿ ಅಂತ ಒಂದು ಸಣ್ಣ ಕನ್ನಡಿ ತಂದೆ. ಅವರು ಅದನ್ನು ಕ್ಷೌರಕ್ಕೆ ಇಟ್ಟುಕೊಂಡಿದ್ದಾರೆ.

ಗೇರುಪೆಟ್ಟಿಗೆ ಈಗ ಸರಿಯಾಗಿದೆ. ಕೆಲವು ಭಾಗ ಬದಲಾಯಿತು, ಎಣ್ಣೆ ಕೆಂಪಗಿದೆ. ವರ್ಕ್‌ಶಾಪಿನ ಮೇಸ್ತ್ರಿಗೆ ಹೋಳಿಗೆ ಕೊಟ್ಟು ಬಂದೆ. ಯಾಕೆ ಅಂತ ಅವನಿಗೆ ಇವತ್ತಿಗೂ ಅರ್ಥವಾಗಿಲ್ಲ. ಜೀಪು ಮನೆಯ ಮುಂದೆ ನಿಂತಿದೆ. ನಮ್ಮನೆಯವರು ಬೆಳಿಗ್ಗೆ ಅದರ ಧೂಳು ಒರೆಸುತ್ತಾರೆ, ಬಾನೆಟ್ ತಟ್ಟುತ್ತಾರೆ. ಶುಂಠಿ ಕೀಳುವ ಕಾಲ ಬಂತು. ಮಲ್ಲಿಪಟ್ಟಣದಿಂದ ಫೋನು ಬರುತ್ತದೆ. ಬಾಡಿಗೆ ಕಾರಿನಲ್ಲಿ ಹೋಗಿ ಅಂದರೆ, "ಟಾರ್ ರಸ್ತೆ ಮೇಲೆ ನಿಂತ್ಕಂಡು ಶುಂಠಿ ಮೂಸ್ಲಾ?" ಅನ್ನುತ್ತಾರೆ. ಬಾಡಿಗೆ ಕಾರು ಹೊಲದ ಕೆಸರಿಗೆ ಇಳಿಯುವುದಿಲ್ಲ ಅನ್ನುವುದೂ ನಿಜವೇ.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವರನ್ನು ಜಗಲಿಯಲ್ಲಿ ಕೂರಿಸಿ, ಪಾದಗಳನ್ನು ಮಣೆಯ ಮೇಲೆ ಇರಿಸಿ, ಕಣ್ಣು ಮುಚ್ಚಿಸುತ್ತೇನೆ. ದೇವರ ಮನೆಯಿಂದ ತಂದ ಬತ್ತಿಯ ಹತ್ತಿಯೇ ನನ್ನ ಪ್ರಶ್ನೆಪತ್ರಿಕೆ. ಬೆರಳಿನ ತುದಿ, ಹಿಮ್ಮಡಿ, ಪಾದದ ಅಂಚು. ಮೊದಲೆಲ್ಲ 'ಇಲ್ಲ', 'ಇಲ್ಲ' ಅನ್ನುತ್ತಿದ್ದರು. ಈ ವಾರದಿಂದ ಎಲ್ಲದಕ್ಕೂ 'ಹ್ಞೂಂ' ಅನ್ನತೊಡಗಿದ್ದಾರೆ. ನನಗೆ ಸಂತೋಷವಾಗಬೇಕಿತ್ತು.

ನಿನ್ನೆ ಸಂಜೆ ಹಾಗೇ ಕಣ್ಣು ಮುಚ್ಚಿ ಕೂತಿದ್ದರು. ಹಣೆಯಲ್ಲಿ ವಿಭೂತಿ, ಮುಖದಲ್ಲಿ ಪಾಠ ಬಾಯಿಪಾಠ ಮಾಡಿ ಬಂದ ಹುಡುಗನ ಧೈರ್ಯ.

"ಎಡಗಾಲಿನ ಹೆಬ್ಬೆರಳು. ಮುಟ್ಟಿದ್ದು ಗೊತ್ತಾಯ್ತಾ?" ಅಂದೆ.

"ಗೊತ್ತಾಯ್ತು ಕಣೆ, ಚೆನ್ನಾಗೇ ಗೊತ್ತಾಯ್ತು" ಅಂದರು ಕಣ್ಣು ತೆರೆಯದೆ. "ನಾಳೆ ಬೆಳಿಗ್ಗೆ ಮಲ್ಲಿಪಟ್ಟಣಕ್ಕೆ ಓಗ್ಬುಟ್ಟು ಬರ್ಲಾ?"

ಹತ್ತಿ ಇನ್ನೂ ನನ್ನ ಮಡಿಲಲ್ಲೇ ಇತ್ತು.